ವಾರ್ಡಿನ ಔಷಧ ಆರ್ಡರ್ ಸಾಫ್ಟ್‌ವೇರ್: ರೋಗಿಗೆ ಅಪಾಯವಾಗದಂತೆ ಕಟ್ಟುವ ಕ್ರಮ

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಆಸ್ಪತ್ರೆಯೊಂದರಲ್ಲಿ 16 ವರ್ಷದ ಹುಡುಗನಿಗೆ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್‌ನ ಒಂದು ಮಾತ್ರೆ ಕೊಡಬೇಕಿತ್ತು. ಕೊಟ್ಟಿದ್ದು 38½ ಮಾತ್ರೆ. ವೈದ್ಯರು ಟೈಪ್ ಮಾಡಿದ ‘160’ (ಮಿ.ಗ್ರಾಂ, ಅಂದರೆ ಒಂದು ಮಾತ್ರೆ) ಸರಿಯಾಗಿಯೇ ಇತ್ತು. ಆದರೆ 40 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಡೋಸ್ ಪೆಟ್ಟಿಗೆ ತಾನಾಗಿಯೇ ‘ಪ್ರತಿ ಕೆ.ಜಿ.ಗೆ ಮಿ.ಗ್ರಾಂ’ ಎಂಬ ಅಳತೆಗೆ ಹೊರಳುತ್ತಿತ್ತು, ಅದು ಅವರ ಕಣ್ಣಿಗೆ ಬೀಳಲಿಲ್ಲ. ಎಚ್ಚರಿಕೆ ಬಂತು, ದಾಟಿಸಿದರು. ಫಾರ್ಮಸಿಯಲ್ಲೂ ಬಂತು, ಅಲ್ಲೂ ದಾಟಿಸಿದರು. ಔಷಧ ಕಟ್ಟುವ ಯಂತ್ರ ಮರುಮಾತಿಲ್ಲದೆ 38½ ಮಾತ್ರೆ ಕಟ್ಟಿತು. ಸಿಸ್ಟರಿಗೆ ಅನುಮಾನ ಬಂದು ಬಾರ್‌ಕೋಡ್ ಓದಿಸಿದರು. ಆರ್ಡರಿಗೆ ಸರಿಹೊಂದುತ್ತದೆ ಎಂದು ಯಂತ್ರ ಹೇಳಿತು. ಆರ್ಡರೇ ತಪ್ಪಾಗಿದ್ದರೆ ಬಾರ್‌ಕೋಡ್ ಇನ್ನೇನು ಹೇಳೀತು? ಹುಡುಗನಿಗೆ ಫಿಟ್ಸ್ ಬಂತು, ಜೀವ ಉಳಿಯಿತು.

ಇಷ್ಟು ಜನ, ಇಷ್ಟು ಯಂತ್ರ, ಎಲ್ಲವೂ ‘ನಿಯಮದಂತೆ’ ನಡೆದವು. ಇಂಥ ಸಾಫ್ಟ್‌ವೇರ್ ಕಟ್ಟುವವರಿಗೆ, ಕೊಳ್ಳುವ ಆಸ್ಪತ್ರೆಯವರಿಗೆ ಈ ಬರಹ. 100ರಿಂದ 300 ಹಾಸಿಗೆಯ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ವಾರ್ಡಿನಲ್ಲಿ ನಿಲ್ಲಿ

ಬೇಕು-ಬೇಡಗಳ ಪಟ್ಟಿಯನ್ನು ಮೀಟಿಂಗ್ ಹಾಲಿನಲ್ಲಿ ಕೂತು ಬರೆಯಬೇಡಿ. ಅಲ್ಲಿಗೆ ಬರುವವರು ಮುಖ್ಯಸ್ಥರು, ಹೇಳುವುದು ಕೆಲಸ ಹೇಗೆ ನಡೆಯಬೇಕು ಎಂಬುದನ್ನು. ಹೇಗೆ ನಡೆಯುತ್ತಿದೆ ಎಂಬುದು ನೈಟ್ ಡ್ಯೂಟಿಯ ಸಿಸ್ಟರಿಗೂ ಹೌಸ್ ಸರ್ಜನ್‌ಗೂ ಗೊತ್ತು. ಮೂರೂ ಪಾಳಿಯಲ್ಲಿ ಕನಿಷ್ಠ ಎರಡೆರಡು ದಿನ ನಿಲ್ಲಿ. ಬೆಳಗಿನ ರೌಂಡ್ಸ್, ಔಷಧ ಹಂಚುವ ಹೊತ್ತು, ಪಾಳಿ ಬದಲಾಗುವ ಅರ್ಧ ಗಂಟೆ, ಈ ಮೂರನ್ನು ತಪ್ಪಿಸಬೇಡಿ.

ಒಂದು ಔಷಧವನ್ನು ಆರಿಸಿಕೊಂಡು, ಡಾಕ್ಟರ ಬಾಯಿಂದ ಹೊರಟು ರೋಗಿಯ ಬಾಯಿಗೋ ರಕ್ತನಾಳಕ್ಕೋ ಸೇರುವವರೆಗೆ ಅದರ ಬೆನ್ನು ಹತ್ತಿ. ಪ್ರತಿ ಹೆಜ್ಜೆಗೆ ಐದು ವಿಷಯ ಗುರುತು ಮಾಡಿಕೊಳ್ಳಿ: ಎಷ್ಟು ಹೊತ್ತಿಗೆ, ಯಾರು, ಏನನ್ನು ನೋಡಿ ಬರೆದರು, ಎಷ್ಟು ದೂರ ನಡೆದರು, ನಡುವೆ ಯಾರು ಕರೆದರು. ಕೊನೆಯದು ಬಹಳ ಮುಖ್ಯ. ಔಷಧ ಹಂಚುವಾಗ ಸಿಸ್ಟರನ್ನು ಯಾರೂ ಕರೆಯದ ವಾರ್ಡು ಸಿಗುವುದಿಲ್ಲ, ಆದರೆ ಹೆಚ್ಚಿನ ಸಾಫ್ಟ್‌ವೇರ್‌ಗಳು ಅಂಥ ವಾರ್ಡು ಇದೆ ಎಂದುಕೊಂಡೇ ಹುಟ್ಟುತ್ತವೆ. ಐದು ನಿಮಿಷ ಮುಟ್ಟದಿದ್ದರೆ ಲಾಗ್‌ಔಟ್ ಆಗಿ ಅರ್ಧ ತುಂಬಿದ ಫಾರ್ಮನ್ನು ನುಂಗಿಹಾಕುವ ಪರದೆ ಇದಕ್ಕೆ ಸಾಕ್ಷಿ.

ಅಡ್ಡದಾರಿಗಳನ್ನು ಹುಡುಕಿ. ಮಾನಿಟರಿಗೆ ಅಂಟಿಸಿದ ಚೀಟಿ, ಅಂಗೈ ಮೇಲೆ ಬರೆದ ಡೋಸ್, ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್, ವಾಟ್ಸ್ಯಾಪಿನಲ್ಲಿ ಹೋಗುವ ಕೇಸ್ ಶೀಟಿನ ಫೋಟೊ. ಇದನ್ನು ಶಿಸ್ತಿಲ್ಲದಿರುವಿಕೆ ಎಂದು ಬರೆದುಕೊಂಡರೆ ಕೆಲಸ ಕೆಟ್ಟಿತು. ಪಾಸ್‌ವರ್ಡ್ ಹಂಚಿಕೊಳ್ಳುತ್ತಾರೆಂದರೆ ಲಾಗಿನ್ ಆಗಲು ವಾರ್ಡಿನ ಗಡಿಬಿಡಿಗೆ ಒಗ್ಗದಷ್ಟು ಸಮಯ ಹಿಡಿಯುತ್ತಿದೆ ಎಂದರ್ಥ. ಕಾರ್ಡು ತಾಗಿಸಿದರೆ ತೆರೆಯುವಂತೆ ಮಾಡಿ. ಒಂದೊಂದು ಅಡ್ಡದಾರಿಯೂ ಯಾರೂ ನಿಮಗೆ ಬರೆದುಕೊಡದ ಒಂದೊಂದು ಬೇಡಿಕೆ.

ಇದನ್ನು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯ ಲೆಕ್ಕವಿದೆ. ಕಂಪ್ಯೂಟರ್ ಆರ್ಡರ್ ಬಂದ ಮೇಲೆ, ಬೇರೆ ಆಸ್ಪತ್ರೆಗಳಿಂದ ಅಲ್ಲಿಗೆ ಕಳಿಸಿದ ಮಕ್ಕಳ ಸಾವಿನ ಪ್ರಮಾಣ ಶೇ 2.80ರಿಂದ ಶೇ 6.57ಕ್ಕೆ ಏರಿತೆಂದು 2005ರಲ್ಲಿ ಪ್ರಕಟವಾಯಿತು. ಮಗು ಆಂಬುಲೆನ್ಸಿನಲ್ಲಿ ಬರುತ್ತಿರುವಾಗಲೇ ಆರ್ಡರ್ ಬರೆದಿಡುವ ಹಳೆಯ ರೂಢಿಗೆ ಹೊಸ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ, ಮಗು ಬಂದು ದಾಖಲಾಗುವವರೆಗೆ ಪರದೆ ತೆರೆಯುತ್ತಲೇ ಇರಲಿಲ್ಲ. ಮಗುವಿನ ಪಕ್ಕ ನಿಲ್ಲಬೇಕಾದವರು ಕಂಪ್ಯೂಟರ್ ಮುಂದೆ ಕೂತರು. ಅದೇ ಕಂಪನಿಯ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯೂ ಹಾಕಿಕೊಂಡಿತು. ಅಲ್ಲಿ ಸಾವು ಹೆಚ್ಚಲಿಲ್ಲ. ಅಳವಡಿಸಿದ ರೀತಿ ಬೇರೆಯಿತ್ತು.

ನೋಡಿದ್ದೆಲ್ಲ ಮುಗಿದ ಮೇಲೆ ಒಂದು ಪಟ್ಟಿ ಮಾಡಿ: ಕೆಲಸ, ಅದರಲ್ಲಿ ಆಗಬಹುದಾದ ತಪ್ಪು, ಆದರೆ ರೋಗಿಗೆ ಏನಾಗುತ್ತದೆ, ಪರದೆ ಅದನ್ನು ಹೇಗೆ ತಡೆಯುತ್ತದೆ. ವೈದ್ಯಕೀಯ ಸಾಧನಗಳ ಬಳಕೆ ಕುರಿತ ಐಇಸಿ 62366-1 ಮತ್ತು ಅಪಾಯ ನಿರ್ವಹಣೆಯ ಐಎಸ್‌ಒ 14971 ಮಾನದಂಡಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ‘ತರಬೇತಿ ಕೊಡುತ್ತೇವೆ’ ಎಂಬುದನ್ನು ಕೊನೆಯ ಕಾಲಂನಲ್ಲಿ ಬರೆಯಲು ಬಿಡಬೇಡಿ.

ರೋಗಿ ಯಾರು?

ಹೊರಗಿನಿಂದ ತಂದ ಸಾಫ್ಟ್‌ವೇರ್ ಕರ್ನಾಟಕದಲ್ಲಿ ಮೊದಲು ಎಡವುವುದು ಹೆಸರಿನಲ್ಲಿ. ಅದು ಮೊದಲ ಹೆಸರು, ಕುಲನಾಮ, ಹುಟ್ಟಿದ ದಿನಾಂಕ ಕೇಳುತ್ತದೆ. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಮೂವರು ಲಕ್ಷ್ಮಮ್ಮಂದಿರಿರುತ್ತಾರೆ. ಕುಲನಾಮವಿಲ್ಲ, ಇನಿಶಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ. ಇಂಗ್ಲಿಷಿನಲ್ಲಿ ಬರೆದರೆ ‘ಕ್ಷ’ಕ್ಕೆ ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆ-ಎಸ್-ಎಚ್ ಹಾಕುತ್ತಾರೆ, ಒಬ್ಬರೇ ಎರಡು ದಾಖಲೆಯಾಗುತ್ತಾರೆ, ಇಲ್ಲವೇ ಇಬ್ಬರು ಒಂದಾಗುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಕೌಂಟರಿನಲ್ಲಿ ಜನವರಿ 1 ಹಾಕಿ ಮುಗಿಸುತ್ತಾರೆ. ಹಾಗಾಗಿ ಹೆಸರು ಮತ್ತು ಹುಟ್ಟಿದ ದಿನ ತಾಳೆಯಾದರೆ ‘ಅದೇ ರೋಗಿ’ ಎನ್ನುವ ತರ್ಕ ಇಲ್ಲಿ ಅಪಾಯಕಾರಿ.

ಮಾಡಬೇಕಾದದ್ದು: ಪ್ರತಿ ಪರದೆಯ ತಲೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸು, ಐಪಿ (ಒಳರೋಗಿ) ನಂಬರ್, ತೂಕ, ಅಲರ್ಜಿ, ಮತ್ತು ದಾಖಲಾಗುವಾಗ ತೆಗೆದ ಫೋಟೊ. ಪರದೆಯನ್ನು ಎಷ್ಟು ಕೆಳಗೆ ಉರುಳಿಸಿದರೂ ಈ ಪಟ್ಟಿ ಕಣ್ಮರೆಯಾಗಬಾರದು. ಹುಡುಕಾಟ ಉಚ್ಚಾರಣೆ ಆಧರಿಸಿ ಕೆಲಸ ಮಾಡಲಿ. ವಯಸ್ಸು ಅಂದಾಜಿನದಾದರೆ ‘ಅಂದಾಜು’ ಎಂದೇ ದಾಖಲಿಸಲು ಬಿಡಿ, ಸುಳ್ಳು ದಿನಾಂಕ ಬರೆಯಲು ಒತ್ತಾಯಿಸಬೇಡಿ. ಕೇಂದ್ರ ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಹಳೆಯ ದಾಖಲೆ ತರಿಸಿಕೊಳ್ಳಲು ಒಳ್ಳೆಯದು, ಹಾಸಿಗೆ ಪಕ್ಕ ನಿಂತು ಓದಿ ತಾಳೆ ನೋಡುವುದಕ್ಕಲ್ಲ.

ಹಾಸಿಗೆ ನಂಬರನ್ನು ಎಂದೂ ಗುರುತಾಗಿ ಬಳಸಬೇಡಿ. ರೋಗಿಗಳು ಹಾಸಿಗೆ ಬದಲಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ 30 ಹಾಸಿಗೆಗೆ 42 ರೋಗಿಗಳಿದ್ದು ನೆಲದ ಮೇಲೂ ಹಾಸಿಗೆ ಹಾಕಿರುತ್ತಾರೆ. ಸಾಫ್ಟ್‌ವೇರಿನಲ್ಲಿ 30 ಖಾನೆ ಮಾತ್ರ ಇದ್ದರೆ ಉಳಿದ 12 ಜನ ಒಂದೋ ಕಾಗದಕ್ಕೆ ಹೋಗುತ್ತಾರೆ, ಇಲ್ಲ ಬೇರೆಯವರ ಖಾನೆಯೊಳಗೆ ತೂರುತ್ತಾರೆ.

ನವಜಾತ ಶಿಶುಗಳದು ಇನ್ನೊಂದು ಕತೆ. ಎಲ್ಲರ ಹೆಸರೂ ‘ಬೇಬಿ ಆಫ್’ ಎಂದೇ ಶುರುವಾಗುತ್ತದೆ, ಇಕ್ಕಟ್ಟಿನ ಖಾನೆಯಲ್ಲಿ ಅಷ್ಟೇ ಕಾಣುತ್ತದೆ. ನ್ಯೂಯಾರ್ಕಿನಲ್ಲಿ ತಾಯಿಯ ಮೊದಲ ಹೆಸರನ್ನು ಮುಂದಕ್ಕೆ ತಂದು ಮಗುವಿಗೆ ಪ್ರತ್ಯೇಕ ಹೆಸರು ಕೊಟ್ಟಾಗ ತಪ್ಪು ಮಗುವಿಗೆ ಬೀಳುವ ಆರ್ಡರ್‌ಗಳು ಸುಮಾರು ಶೇ 36ರಷ್ಟು ಇಳಿದವು (2015ರಲ್ಲಿ ಪ್ರಕಟ). ‘ಸುಮಿತ್ರಾಳ ಗಂಡುಮಗು 1’, ‘ಸುಮಿತ್ರಾಳ ಗಂಡುಮಗು 2’ ಎಂದು ಇಡಿ. ಅವಳಿಯಾದರೆ ಬಣ್ಣವೂ ಬೇರೆಯಿರಲಿ.

ಔಷಧ, ಡೋಸ್, ಅಳತೆ

ಹೆಚ್ಚು ಕೆಲಸ ಇಲ್ಲೇ.

ಹುಡುಕುವ ಪೆಟ್ಟಿಗೆಯಿಂದ ಶುರುಮಾಡಿ. 2017ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸಿಯಲ್ಲಿ ನರ್ಸ್ ಒಬ್ಬರು ಔಷಧ ಕಪಾಟಿನ ಪರದೆಯಲ್ಲಿ ವಿ, ಇ ಎಂಬ ಎರಡೇ ಅಕ್ಷರ ಒತ್ತಿದರು. ಬೇಕಿದ್ದದ್ದು ವರ್ಸೆಡ್ ಎಂಬ ಬ್ರ್ಯಾಂಡಿನ ಮಿಡಜೋಲಾಮ್, ಮಂಪರು ಬರಿಸುವ ಔಷಧ. ಕಪಾಟು ಜೆನೆರಿಕ್ ಹೆಸರಿನಲ್ಲಿ (ಔಷಧದ ಮೂಲ ಹೆಸರಿನಲ್ಲಿ) ಹುಡುಕುತ್ತಿತ್ತು, ಮೇಲೆ ಬಂದದ್ದು ಸ್ನಾಯುಗಳನ್ನೇ ನಿಶ್ಚಲಗೊಳಿಸುವ ವೆಕ್ಯುರೋನಿಯಂ. ರೋಗಿ ಬದುಕಲಿಲ್ಲ. ಆಮೇಲೆ ಬಂದ ಸಲಹೆ ಸರಳ: ಕನಿಷ್ಠ 5 ಅಕ್ಷರ ಒತ್ತುವವರೆಗೆ ಪಟ್ಟಿ ತೋರಿಸಬೇಡಿ. ಬ್ರ್ಯಾಂಡ್ ಹೆಸರು ಒತ್ತಿದರೂ ಜೆನೆರಿಕ್ ಹೆಸರೇ ದಪ್ಪಕ್ಷರದಲ್ಲಿ ಬರಲಿ. ನಮ್ಮಲ್ಲಿ ಒಂದೊಂದು ಔಷಧಕ್ಕೂ ಹತ್ತಾರು ಬ್ರ್ಯಾಂಡ್, ಹೆಸರುಗಳ ಸದ್ದೂ ಒಂದೇ ತರ. ಡೋಪಮೈನ್–ಡೊಬುಟಮೈನ್, ವಿನ್‌ಕ್ರಿಸ್ಟಿನ್–ವಿನ್‌ಬ್ಲಾಸ್ಟಿನ್‌ನಂಥ ಜೋಡಿಗಳಲ್ಲಿ ಬೇರೆಯಾಗುವ ಭಾಗವನ್ನಷ್ಟೇ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯುವ ರೂಢಿಯಿದೆ, ಅನುಸರಿಸಿ. ಆದರೆ ನಲವತ್ತು ಔಷಧಕ್ಕೆ ಮಾಡಿದರೆ ಕಣ್ಣು ಅದಕ್ಕೂ ಒಗ್ಗಿಹೋಗುತ್ತದೆ.

ಅಂಕಿಗಳಿಗೆ ಈ ಕಟ್ಟುಪಾಡು ಹಾಕಿ, ಯಾರೂ ಮೀರಲಾಗದಂತೆ:

- ‘1.0’ ಬೇಡ, ‘1’ ಸಾಕು. ಚುಕ್ಕಿ ಮಸುಕಾದರೆ ಹತ್ತಾಗುತ್ತದೆ.
- ‘.5’ ಬೇಡ, ‘0.5’ ಇರಲಿ. ಇನ್ನೂ ಒಳ್ಳೆಯದೆಂದರೆ 1 ಮಿ.ಗ್ರಾಂಗಿಂತ ಕಡಿಮೆಯದನ್ನು ‘500 ಮೈಕ್ರೊಗ್ರಾಂ’ ಎಂದು ಪೂರ್ತಿ ಬರೆಯಿರಿ.
- ಯೂನಿಟ್ ಎಂಬುದನ್ನು ಇಂಗ್ಲಿಷಿನ ಯು ಅಕ್ಷರಕ್ಕೆ ಇಳಿಸಬೇಡಿ, ಸೊನ್ನೆಯಂತೆ ಕಾಣುತ್ತದೆ.
- ಲಕ್ಷವನ್ನು ಲಕ್ಷವೆಂದೇ ತೋರಿಸಿ. ಬೆಂಜಥೀನ್ ಪೆನಿಸಿಲಿನ್ ನಮ್ಮ ವಾರ್ಡಿನಲ್ಲಿ ‘12 ಲಕ್ಷ’. ಹೊರಗಿನ ಸಾಫ್ಟ್‌ವೇರ್ ಅದನ್ನು ‘1.2 ಮಿಲಿಯನ್’ ಎನ್ನುತ್ತದೆ. ರಾತ್ರಿ ಎರಡು ಗಂಟೆಗೆ ಯಾರಿಗೂ ಮಿಲಿಯನ್ ಲೆಕ್ಕ ಬೇಡ.
- ಅಳತೆ ತಾನಾಗಿ ಬದಲಾಗಬಾರದು. ಡೋಸ್ ಬರೆದ ಕೂಡಲೇ ಕೆಳಗೆ ಪೂರ್ತಿ ವಾಕ್ಯ ಬರಲಿ: ‘ಒಂದು ಸಲಕ್ಕೆ 160 ಮಿ.ಗ್ರಾಂ = 1 ಮಾತ್ರೆ’. 38½ ಮಾತ್ರೆ ಎಂದು ಅಲ್ಲೇ ಕಂಡಿದ್ದರೆ ಯಾರ ಕೈಯಾದರೂ ತಡೆಯುತ್ತಿತ್ತು.

ಮಕ್ಕಳ ಸಿರಪ್‌ನಲ್ಲಿ ಮಿ.ಲೀ. ಒಂದನ್ನೇ ಬರೆಯಲು ಬಿಡಬೇಡಿ. ಪ್ಯಾರಾಸಿಟಮಾಲ್ ನಮ್ಮಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ, 1 ಮಿ.ಲೀ.ಗೆ 100 ಇರುವ ಡ್ರಾಪ್ಸ್ ಕೂಡ. 10 ಕೆ.ಜಿ. ಮಗುವಿಗೆ ಕೆ.ಜಿ.ಗೆ 15ರಂತೆ 150 ಮಿ.ಗ್ರಾಂ ಬೇಕೆಂದರೆ ಮೊದಲನೆಯದು 6 ಮಿ.ಲೀ., ಎರಡನೆಯದು 3, ಡ್ರಾಪ್ಸ್ 1.5. ಡಾಕ್ಟರ್ ಮಿ.ಗ್ರಾಂ ಬರೆಯಲಿ, ಫಾರ್ಮಸಿಯಲ್ಲಿ ಯಾವ ಬಾಟಲಿ ಇದೆಯೋ ಅದನ್ನು ಆರಿಸಿದ ಮೇಲೆ ಮಿ.ಲೀ. ಲೆಕ್ಕವನ್ನು ಯಂತ್ರ ಹಾಕಲಿ, ಎರಡೂ ಅಂಕಿ ಒಟ್ಟಿಗೆ ಕಾಣಲಿ. ಅದಕ್ಕೆ ತೂಕ ಬೇಕು, ತೂಕ ತೆಗೆದ ದಿನಾಂಕವೂ ಬೇಕು. ಹೋದ ವರ್ಷದ ತೂಕ ಈ ವರ್ಷದ ಮಗುವಿಗಲ್ಲ.

ಇನ್ಸುಲಿನ್‌ನಲ್ಲಿ ನಮ್ಮ ದೇಶದ್ದೇ ಒಂದು ತೊಡಕಿದೆ. ವಯಲ್‌ಗಳು ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್‌ನವು, ಪೆನ್ನಿನ ಕಾರ್ಟ್ರಿಜ್ 100ರದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಆರ್ಡರಿನಲ್ಲಿ ಯೂನಿಟ್ ಮಾತ್ರವಲ್ಲ, 40ರದೋ 100ರದೋ ಎಂಬುದೂ ಇರಲೇಬೇಕು. ಸಿಸ್ಟರಿನ ಪರದೆಯಲ್ಲಿ ಮುಚ್ಚಳದ ಬಣ್ಣದ ಚಿತ್ರವನ್ನೇ ಹಾಕಿ, ಪಕ್ಕದಲ್ಲಿ ಅಂಕಿಯನ್ನೂ ಬರೆಯಿರಿ. ಬಣ್ಣ ಗುರುತಿಸಲಾಗದವರೂ ಇರುತ್ತಾರೆ.

ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ವಾರಕ್ಕೊಮ್ಮೆಯ ಮಾತ್ರೆ. ದಿನಾ ನುಂಗಿ ಸತ್ತವರಿದ್ದಾರೆ. ಈ ಔಷಧಕ್ಕೆ ‘ದಿನಕ್ಕೊಮ್ಮೆ’ ಎಂಬ ಆಯ್ಕೆ ಮೊದಲಿಗೆ ಕಾಣಲೇಬಾರದು. ವಾರದ ಯಾವ ದಿನವೆಂದು ಆರಿಸದೆ ಆರ್ಡರ್ ಸೇವ್ ಆಗಬಾರದು. ಚೀಟಿಯಲ್ಲಿ ‘ಬುಧವಾರ ಮಾತ್ರ’ ಎಂದು ಅಚ್ಚಾಗಲಿ.

ಎಚ್ಚರಿಕೆ ಕಡಿಮೆಯಿದ್ದಷ್ಟೂ ಒಳ್ಳೆಯದು

ಔಷಧ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ವೈದ್ಯರು ದಾಟಿಸಿ ಮುಂದೆ ಹೋಗುತ್ತಾರೆಂದು 2006ರ ಒಂದು ಸಮೀಕ್ಷಾ ಲೇಖನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿತು. ಇದು ಉಡಾಫೆಯಲ್ಲ. ದಿನಕ್ಕೆ ನೂರು ಸಲ ತೋಳ ಬಂತೆಂದು ಕೂಗುವವನ ಮಾತನ್ನು ನೂರಾ ಒಂದನೇ ಸಲ ಯಾರೂ ಕೇಳುವುದಿಲ್ಲ. 1985–87ರ ನಡುವೆ ಆರು ರೋಗಿಗಳಿಗೆ ಮಿತಿಮೀರಿ ವಿಕಿರಣ ಬಿಟ್ಟ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಪರದೆಯಲ್ಲಿ ತೋರಿಸುತ್ತಿದ್ದದ್ದು ‘ಮಾಲ್‌ಫಂಕ್ಷನ್ 54’ನಂಥ ಅರ್ಥವಾಗದ ಮಾತು. ಅಂಥ ಸಂದೇಶ ದಿನವೂ ಬರುತ್ತಿದ್ದರಿಂದ ಪಿ ಕೀಲಿ ಒತ್ತಿ ಮುಂದುವರಿಯುವುದು ನಿರ್ವಾಹಕರಿಗೆ ರೂಢಿಯಾಗಿತ್ತು.

ಮೂರು ಮೆಟ್ಟಿಲು ಮಾಡಿ. ದಾಟಲಾಗದ ತಡೆ ಬೆರಳೆಣಿಕೆಯಷ್ಟಿರಲಿ: ದಾಖಲಾದ ತೀವ್ರ ಅಲರ್ಜಿ, ದುರ್ಬಲಗೊಳಿಸದ ಪೊಟ್ಯಾಸಿಯಂ ಕ್ಲೋರೈಡನ್ನು ನೇರ ರಕ್ತನಾಳಕ್ಕೆ ಕೊಡುವುದು, ಬೆನ್ನುಹುರಿಗೆ ವಿನ್‌ಕ್ರಿಸ್ಟಿನ್, ಗರಿಷ್ಠ ಡೋಸಿನ ಹತ್ತು ಪಟ್ಟು. ಇದಕ್ಕೆ ಬೇರೆಯದೇ ಬಣ್ಣ, ಬೇರೆಯದೇ ಆಕಾರ. ಎರಡನೆಯದು, ಕೆಲಸ ನಿಲ್ಲಿಸಿ ಕೇಳುವಂಥದ್ದು. ಉಳಿದದ್ದೆಲ್ಲ ಪಕ್ಕದಲ್ಲಿ ಒಂದು ಸಾಲಾಗಿ ಬಂದರೆ ಸಾಕು. ಗುಂಡಿಗಳ ಮೇಲೆ ‘ಓಕೆ’, ‘ಕ್ಯಾನ್ಸಲ್’ ಬೇಡ. ಯಾವುದನ್ನು ಓಕೆ, ಯಾವುದನ್ನು ಕ್ಯಾನ್ಸಲ್? ‘1 ಮಾತ್ರೆಗೆ ಬದಲಿಸಿ’, ‘38½ ಮಾತ್ರೆಯನ್ನೇ ಕೊಡಿ’ ಎಂದು ಬರೆಯಿರಿ. ದಾಟಲು ಕಾರಣ ಟೈಪ್ ಮಾಡಿಸಿದರೆ ಒಂದು ಚುಕ್ಕಿ ಒತ್ತಿ ಹೋಗುತ್ತಾರೆ. ಮೂರು ಸಿದ್ಧ ಕಾರಣ ಕೊಡಿ. ತಿಂಗಳಿಗೊಮ್ಮೆ ಲೆಕ್ಕ ತೆಗೆದು, ಹತ್ತರಲ್ಲಿ ಒಂಬತ್ತು ಸಲ ದಾಟಿಸಿದ ಎಚ್ಚರಿಕೆಯನ್ನು ತೆಗೆದುಹಾಕಿ ಅಥವಾ ತಿದ್ದಿ. ಇದಕ್ಕೆ ಫಾರ್ಮಸಿಸ್ಟ್, ವೈದ್ಯರು, ಸಿಸ್ಟರ್ ಮೂವರೂ ಕೂರಬೇಕು.

ಕೊಡುವ ಕೈಯ ಹತ್ತಿರ

ಬಾರ್‌ಕೋಡ್ ವ್ಯವಸ್ಥೆಯನ್ನು ಸಿಬ್ಬಂದಿ ಯಾವ ಯಾವ ಬಗೆಯಲ್ಲಿ ತಪ್ಪಿಸಿ ಹೋಗುತ್ತಾರೆಂದು 2008ರ ಅಮೆರಿಕದ ಅಧ್ಯಯನವೊಂದು ಎಣಿಸಿತು: 15 ಬಗೆಯ ಅಡ್ಡದಾರಿ, ಅವಕ್ಕೆ 31 ಕಾರಣ. ರೋಗಿಯ ಗುರುತಿಗೆಂದು ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿಯ ಇನ್ನೊಂದು ಪ್ರತಿಯನ್ನು ಮೇಜಿಗೆ ಅಂಟಿಸಿಕೊಂಡು ಅಲ್ಲಿಂದಲೇ ಓದಿಸುವುದು ಅದರಲ್ಲಿ ಒಂದು. ಕಾರಣಗಳು ಸಣ್ಣವು: ಕೈಪಟ್ಟಿ ಒದ್ದೆಯಾಗಿ ಸುಕ್ಕಾಗಿದೆ, ಟ್ರಾಲಿಯ ಬ್ಯಾಟರಿ ಸತ್ತಿದೆ, ರೋಗಿ ಮಲಗಿದ್ದಾರೆ. ನಮ್ಮಲ್ಲಿ ಇನ್ನೊಂದು ಸೇರಿಸಿ: ಫಾರ್ಮಸಿ ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತದೆ, ತುಂಡಿನ ಮೇಲೆ ಬಾರ್‌ಕೋಡೂ ಇಲ್ಲ, ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಕತ್ತರಿಸಿದ ಪ್ರತಿ ತುಂಡಿಗೆ ಲೇಬಲ್ ಅಂಟಿಸುವ ವ್ಯವಸ್ಥೆಯಾಗದೆ ಸ್ಕ್ಯಾನರ್ ಕೊಳ್ಳುವುದು ದುಡ್ಡು ದಂಡ. ಪ್ರತಿ ಟ್ರಾಲಿಗೆ ಒಂದು ಹೆಚ್ಚುವರಿ ಬ್ಯಾಟರಿ, ನೀರು ತಾಗಿದರೂ ಅಳಿಯದ ಕೈಪಟ್ಟಿ, ರಾತ್ರಿ ಸದ್ದು ಮಾಡದೆ ನಡುಗಿ ತಿಳಿಸುವ ಸ್ಕ್ಯಾನರ್, ಇವು ಮೊದಲ ದಿನದಿಂದಲೇ ಬೇಕು. ಒಂದೇ ನಿಮಿಷದಲ್ಲಿ ಎಂಟು ರೋಗಿಗಳ ಕೈಪಟ್ಟಿ ಓದಿಸಿದ ದಾಖಲೆ ಕಂಡರೆ ಅಲ್ಲಿ ಅಡ್ಡದಾರಿ ಇದೆ. ನೋಟಿಸ್ ಕೊಡುವ ಬದಲು ಹೋಗಿ ಯಾಕೆಂದು ನೋಡಿ.

ಮನೆಗೆ ಕೊಡುವ ಚೀಟಿ ಕನ್ನಡದಲ್ಲಿರಲಿ. 1-0-1 ಬಹಳ ಜನಕ್ಕೆ ಗೊತ್ತು, ಎಲ್ಲರಿಗೂ ಅಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಖಾನೆ, ಸೂರ್ಯ-ಚಂದ್ರರ ಚಿತ್ರ, ‘ಊಟಕ್ಕೆ ಮುಂಚೆ’ ಅಥವಾ ‘ಊಟವಾದ ಮೇಲೆ’. ದಕ್ಷಿಣದಲ್ಲಿ ‘ಮಾತ್ರೆ’ ಎಂದರೆ ಕಲಬುರಗಿ, ಧಾರವಾಡದ ಕಡೆ ‘ಗುಳಿಗಿ’; ಜಿಲ್ಲೆಗೆ ತಕ್ಕಂತೆ ಬದಲಿಸಲು ಅವಕಾಶವಿರಲಿ. ಅಂಕಿ 1, 2, 3 ಇರಲಿ, ೬ ಮತ್ತು ೯ ಸಣ್ಣಕ್ಷರದಲ್ಲಿ ಗೊಂದಲವಾಗುತ್ತವೆ. ಲೇಬಲ್ ಪ್ರಿಂಟರುಗಳಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುವುದು ಮಾಮೂಲಿ, ಆದ್ದರಿಂದ ಬರಹವನ್ನು ಚಿತ್ರವಾಗಿ ಮಾಡಿ ಕಳಿಸಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಎಲ್ಲವೂ ಯುನಿಕೋಡಿನಲ್ಲಿರಲಿ, ಹಳೆಯ ಫಾಂಟಿನ ಬರಹ ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರವಾಗಿ ಕಾಣುತ್ತದೆ.

ಪರೀಕ್ಷೆ

ಡೆಮೊ ಪರೀಕ್ಷೆಯಲ್ಲ. ಸಿಸ್ಟರುಗಳು, ಡ್ಯೂಟಿ ಡಾಕ್ಟರು, ಫಾರ್ಮಸಿಸ್ಟ್ ಪ್ರತಿ ಗುಂಪಿನಿಂದ 5ರಿಂದ 8 ಜನರನ್ನು ಕರೆಯಿರಿ; ಕಂಪ್ಯೂಟರೆಂದರೆ ಹಿಂಜರಿಯುವ ಹಿರಿಯರೂ ಇರಲಿ. ನಿಜವಾದ ಟ್ರಾಲಿ, ಕೈಗೆ ಗ್ಲೌಸ್, ವಾರ್ಡಿನ ಬೆಳಕು. ಹತ್ತು ಕೆಲಸ ಕೊಡಿ, ಅದರಲ್ಲಿ ನಾಲ್ಕರಲ್ಲಿ ಬಲೆ ಹೂಡಿ: ಒಂದೇ ಹೆಸರಿನ ಇಬ್ಬರು ರೋಗಿಗಳು, ತೂಕ ಹಳೆಯದಾದ ಮಗು, ಕೆಂಪು ಮುಚ್ಚಳಕ್ಕೆ 100ರ ಇನ್ಸುಲಿನ್, ದಿನವೂ ಬರೆದ ಮೆಥೊಟ್ರೆಕ್ಸೇಟ್. ಅರ್ಧದಲ್ಲಿ ಕರೆದು ಬೇರೆ ಪ್ರಶ್ನೆ ಕೇಳಿ, ವಾಪಸ್ ಬಂದಾಗ ಎಲ್ಲಿಂದ ಮುಂದುವರಿಸುತ್ತಾರೆ ನೋಡಿ. ನೀವು ಬಾಯಿ ಬಿಡಬೇಡಿ. ‘ಅಲ್ಲಿ ಒತ್ತಿ ಮೇಡಂ’ ಎಂದ ಕ್ಷಣ ಆ ಪರೀಕ್ಷೆ ಮುಗಿಯಿತು.

ಬಲೆಗೆ ಎಷ್ಟು ಜನ ಬಿದ್ದರು ಎಂಬುದೇ ಮುಖ್ಯ ಅಂಕಿ. ಕೊನೆಗೆ ಹತ್ತು ಪ್ರಶ್ನೆಯ ಎಸ್‌ಯುಎಸ್ ಅಳತೆ (ಬಳಕೆ ಎಷ್ಟು ಸುಲಭವೆನಿಸಿತು ಎಂದು ಕೇಳುವ ಪ್ರಶ್ನಾವಳಿ) ತುಂಬಿಸಬಹುದು, 100ಕ್ಕೆ 68 ಸರಾಸರಿ. ಅದು ಇಷ್ಟವಾಯಿತೇ ಎಂಬುದನ್ನು ಹೇಳುತ್ತದೆ. ಇಷ್ಟವಾದ ಪರದೆಯಲ್ಲೂ ತಪ್ಪು ಡೋಸ್ ಹೋಗುತ್ತದೆ. ತಿದ್ದಿ, ಬೇರೆ ಜನರೊಂದಿಗೆ ಮತ್ತೆ ಮಾಡಿ. ಎರಡು ಸುತ್ತಿಗಿಂತ ಕಡಿಮೆ ಮಾಡಿ ವಾರ್ಡಿಗೆ ಇಳಿಸಬೇಡಿ.

ಶುರುವಾದ ಮೇಲೆ

ಒಂದು ವಾರ್ಡಿನಿಂದ ಶುರುಮಾಡಿ, ಐಸಿಯು ಕೊನೆಗೆ. ಮೊದಲ ಎರಡು ವಾರ ರಾತ್ರಿಯೂ ಸಹಾಯಕ್ಕೆ ಒಬ್ಬರಿರಲಿ. ತಪ್ಪು ರೋಗಿಗೆ ಆರ್ಡರ್ ಬೀಳುವುದನ್ನು ಯಾರ ದೂರಿಗೂ ಕಾಯದೆ ಅಳೆಯಲು ಒಂದು ಉಪಾಯವಿದೆ: ಆರ್ಡರ್ ಮಾಡಿ ಹತ್ತು ನಿಮಿಷದೊಳಗೆ ರದ್ದುಮಾಡಿ, ಮುಂದಿನ ಹತ್ತು ನಿಮಿಷದೊಳಗೆ ಅದೇ ವ್ಯಕ್ತಿ ಅದೇ ಆರ್ಡರನ್ನು ಬೇರೆ ರೋಗಿಗೆ ಹಾಕಿದ್ದರೆ ಎಣಿಸಿ. ಯಾವ ಪರದೆಯಿಂದ ಹೆಚ್ಚು ಬರುತ್ತಿದೆಯೋ ಅದನ್ನು ತಿದ್ದಿ. ವ್ಯಕ್ತಿವಾರು ಪಟ್ಟಿ ಮಾಡಿ ಮೇಲಿನವರಿಗೆ ಕಳಿಸಿದರೆ ಮರುದಿನದಿಂದ ತಪ್ಪುಗಳು ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ.

ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಪ್ರತಿ ನಾಲ್ಕು ಗಂಟೆಗೊಮ್ಮೆ ಪ್ರತಿ ರೋಗಿಯ ಔಷಧ ಪಟ್ಟಿ ಯುಪಿಎಸ್ ಇರುವ ಒಂದು ಕಂಪ್ಯೂಟರಿಗೆ ತಾನಾಗಿ ಇಳಿಯಲಿ, ಅಲ್ಲಿಂದ ಮುದ್ರಿಸಲು ಬರಲಿ. ಖಾಲಿ ಡ್ರಗ್ ಚಾರ್ಟುಗಳು ಪ್ರತಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೆಂಪು ಫೈಲಿನಲ್ಲಿರಲಿ. ವ್ಯವಸ್ಥೆ ವಾಪಸ್ ಬಂದ ಮೇಲೆ ಕಾಗದದಲ್ಲಿ ಕೊಟ್ಟ ಡೋಸುಗಳನ್ನು ಮೊದಲು ತುಂಬಿಸಿ, ಅದಾದ ಮೇಲಷ್ಟೇ ಹೊಸ ಆರ್ಡರ್ ತೆರೆಯುವಂತೆ ಬೀಗ ಹಾಕಿ. ಇಲ್ಲದಿದ್ದರೆ ಎಂಟು ಗಂಟೆಯ ಇಂಜೆಕ್ಷನ್ ಕೊಟ್ಟೇ ಇಲ್ಲವೆಂದು ಪರದೆ ಹೇಳುತ್ತದೆ, ಹೊಸದಾಗಿ ಡ್ಯೂಟಿಗೆ ಬಂದ ಸಿಸ್ಟರ್ ಮತ್ತೊಮ್ಮೆ ಕೊಡುತ್ತಾರೆ. ತುರ್ತು ಔಷಧಗಳಿಗೆ ಮಾತ್ರ ಈ ಬೀಗ ತೆರೆದಿರಲಿ, ಹಾಗೆ ತೆರೆದದ್ದು ಪರದೆಯ ತಲೆಯಲ್ಲಿ ಮುಂದಿನ ಪಾಳಿಯವರೆಗೂ ಕಾಣುತ್ತಿರಲಿ.